ಸುರ್ವೇಲಿಯೊ ಅಂದರೆ ಏನು?

ಹಿಪಿಹಾಪಾ ಪೇಟೆಯಲ್ಲಿ ಬೂರುಗದ ಹತ್ತಿ ತುಂಬಿ ಹಾಸಿಗೆ ಹೊಲಿಯುವ ಸುರ್ವೇಲಿಯೊ ಪಿನ್‌ಕಾಯ್ ತನ್ನ ಹೆಸರನ್ನು ಯಾರಿಗೂ ಒಂದೇ ಸಲಕ್ಕೆ ಹೇಳಿ ಮುಗಿಸಿದವನಲ್ಲ. ಬ್ಯಾಂಕಿನಲ್ಲಿ ಹೇಳಿದರೆ ಗಾಜಿನ ಆಚೆ ಕೂತವಳು ತಲೆ ಎತ್ತದೆ "ಇನ್ನೊಂದ್ಸಲ ಹೇಳಿ" ಅನ್ನುತ್ತಾಳೆ. ಇನ್ನೊಂದು ಸಲ ಹೇಳಿದರೆ ತಲೆ ಎತ್ತಿ ಮುಖ ನೋಡುತ್ತಾಳೆ. ಮತ್ತೊಮ್ಮೆ ಹೇಳುವ ಹೊತ್ತಿಗೆ ಹಿಂದೆ ಸಾಲಿನಲ್ಲಿ ನಿಂತವರು ಕೂಡ ಇವನ ಮುಖ ನೋಡಲು ಒಂದು ಹೆಜ್ಜೆ ಪಕ್ಕಕ್ಕೆ ಸರಿದಿರುತ್ತಾರೆ. ಕೊನೆಗೆ ಯಾರಾದರೂ ಒಬ್ಬರು, ಬಹಳ ಮರ್ಯಾದೆಯಿಂದ, ಕೇಳಿಯೇ ಕೇಳುತ್ತಾರೆ: "ಅಂದ್ರೆ ಏನ್ರೀ ಅದು?"

ಅಲ್ಲಿಗೆ ಅವನ ಆ ದಿನ ಹಾಳು.

ಹಾಗಂತ ನಮ್ಮ ಮನಾಬಿ ಸೀಮೆಯಲ್ಲಿ ವಿಚಿತ್ರ ಹೆಸರಿಗೇನೂ ಬರವಿಲ್ಲ. ಈ ವಿಷಯದಲ್ಲಿ ನಮ್ಮನ್ನು ಮೀರಿಸುವವರು ಇಡೀ ಎಕ್ವಡಾರಿನಲ್ಲಿಲ್ಲ ಎಂದು ನಾವೇ ಹೇಳಿಕೊಂಡು ತಿರುಗುತ್ತೇವೆ. ಹೇಳಿಕೊಳ್ಳಲು ಬೇರೆ ಹೆಚ್ಚಿಗೇನೂ ಇಲ್ಲವಲ್ಲ. ಸುರ್ವೇಲಿಯೊನ ಬೀದಿಯಲ್ಲೇ ಸ್ಟಾಲಿನ್ ಎಂಬವನು ಬ್ರೆಡ್ ಸುಡುತ್ತಾನೆ, ಸ್ವಿಟ್ಜರ್ಲೆಂಡ್ ಎಂಬ ಮಹಾತಾಯಿ ಹಸಿ ಬಾಳೆಕಾಯಿ ಕೆಂಡದ ಮೇಲಿಟ್ಟು ಮಾರುತ್ತಾಳೆ. ಆದರೆ ಅವರು ಕೇಳಿದವರಿಗೆ ಕಾರಣ ಹೇಳುತ್ತಾರೆ. ಸ್ವಿಟ್ಜರ್ಲೆಂಡಿನ ಅಪ್ಪನ ಹತ್ತಿರ ಆ ದೇಶದ್ದೊಂದು ಗೋಡೆ ಗಡಿಯಾರ ಇತ್ತಂತೆ. ನಡೆಯುತ್ತಿರಲಿಲ್ಲ, ಆದರೆ ಇತ್ತು. ಸುರ್ವೇಲಿಯೊನಿಗೆ ಕೆಟ್ಟು ನಿಂತ ಗಡಿಯಾರದಷ್ಟು ಕಾರಣವೂ ಇರಲಿಲ್ಲ.

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದು. ನಮ್ಮಲ್ಲಿ ಒಂದೇ ಹೆಸರಿನ ಇಬ್ಬರು ಎದುರಾದರೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ, "ತೊಕಾಯೊ" ಅನ್ನುತ್ತಾರೆ. ಆ ಒಂದು ಮಾತಿಗೆ ಬಸ್ಸಿನಲ್ಲಿ ಜಾಗ ಸಿಗುತ್ತದೆ. ಸೆವಿಚೆ ಅಂಗಡಿಯಲ್ಲಿ ಹುಳಿ ಹಿಂಡಿದ ಮೀನಿನ ಮೇಲೆ ಇನ್ನೊಂದು ಚಮಚ ಕಡಲೆಕಾಯಿ ಗೊಜ್ಜು ಬೀಳುತ್ತದೆ. ಪೊಲೀಸನೂ ತೊಕಾಯೊ ಆಗಿದ್ದರೆ ಗದರಿ ಬಿಟ್ಟುಬಿಡುತ್ತಾನೆ. ಹುವಾನ್‌ಗಳೂ ಲೂಯಿಸ್‌ಗಳೂ ಇಂಥ ಸುಖದಲ್ಲಿ ಬೆಳೆದು ದೊಡ್ಡವರಾದರು. ಸುರ್ವೇಲಿಯೊ ಮಾತ್ರ ಅರವತ್ತರ ಹತ್ತಿರ ಬಂದರೂ ಒಬ್ಬ ತೊಕಾಯೊನನ್ನೂ ಕಂಡಿರಲಿಲ್ಲ. ಇದ್ದವರು ಅವನ ಅಪ್ಪ, ಅಜ್ಜ, ಮುತ್ತಜ್ಜ; ಮೂವರೂ ಸುರ್ವೇಲಿಯೊಗಳೇ, ಮೂವರೂ ಸ್ಮಶಾನದಲ್ಲಿ. ಅವರಿಂದ ಗೊಜ್ಜು ಸಿಗುವ ಹಾಗಿರಲಿಲ್ಲ.

ಮನೆಯ ಮೊದಲ ಗಂಡುಮಗುವಿಗೆ ಈ ಹೆಸರು ಎಂಬುದು ವಂಶದ ಕಟ್ಟಳೆ. ಸುರ್ವೇಲಿಯೊನಿಗೆ ಹುಟ್ಟಿದ್ದು ಒಬ್ಬಳೇ ಮಗಳು. ಆಗ ಅವನ ತಾಯಿ "ಸುರ್ವೇಲಿಯಾ ಅಂತಿಟ್ರೆ ಆಯ್ತಪ್ಪ" ಎಂದದ್ದಕ್ಕೆ ಹೆಂಡತಿ ಮಿರ್ತಾ ಬಾಣಂತಿ ಮಂಚದಿಂದಲೇ ಎದ್ದು ತವರಿಗೆ ಹೊರಟು ನಿಂತಿದ್ದಳು. ಮಗುವಿಗೆ ಮಾಗಾಲಿ ಎಂದಾಯಿತು. ಅವಳೀಗ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸು. ಅವಳಿಗೊಂದು ಗಂಡು ಹುಟ್ಟಿದ ದಿನ ಸುರ್ವೇಲಿಯೊ ಅಂಗಡಿಗೆ ಬಾಗಿಲು ಹಾಕಿ, ಬೀದಿಯವರಿಗೆಲ್ಲ ಮೊಮ್ಮಗನ ಹೆಸರನ್ನು ಸಾರಿಬಿಟ್ಟ. ಮಗುವಿನ ತಾಯಿಗೆ ಮಾತ್ರ ಹೇಳಿರಲಿಲ್ಲ.

"ನೋಡಪ್ಪಾ, ನಾನು ದಿನಾ ಬೆಳಗ್ಗೆ ಎದ್ರೆ ಮಕ್ಕಳ ಹೆಸರು ಕೂಗೋಳು," ಎಂದಳು ಮಾಗಾಲಿ, ಮಗುವಿನ ಬೆನ್ನು ತಟ್ಟುತ್ತ. "ಯಾವ ಹೆಸರು ಕೂಗಿದ್ರೆ ತಾಯಿ ನಗ್ತಾ ಬರ್ತಾಳೆ, ಯಾವುದಕ್ಕೆ ಮುಖ ಮುಚ್ಕೊಂಡು ಬರ್ತಾಳೆ, ಎಲ್ಲಾ ಗೊತ್ತು ನಂಗೆ."

"ನಮ್ಮಪ್ಪನ ಹೆಸರು ಕಣೇ ಅದು. ನಮ್ಮಜ್ಜಂದು, ನಮ್ಮ ಮುತ್ತಜ್ಜಂದು..."

"ಅದೆಲ್ಲ ಕೇಳಿ ಕೇಳಿ ಕಿವಿ ತೂತಾಗಿದೆ. ಅರ್ಥ ಏನು?"

ಸುರ್ವೇಲಿಯೊ ಬಾಯಿ ತೆರೆದ. ಸೀನು ಬಂತು. ಬೂರುಗದ ಹತ್ತಿಯೊಂದಿಗೆ ನಲವತ್ತು ವರ್ಷ ಬಾಳಿದವನ ಮೂಗು ಅದು. ಹೇಳಲೇಬೇಕಾದ ಮಾತು ನಾಲಿಗೆಗೆ ಬರುವ ಹೊತ್ತಿಗೇ ಎಲ್ಲಿಂದಲೋ ಒಂದು ಎಳೆ ಹಾರಿ ಬಂದು ಒಳಗೆ ಸೇರುತ್ತಿತ್ತು. ಮದುವೆಯಲ್ಲಿ "ಒಪ್ಪಿಗೆ" ಎನ್ನುವಾಗಲೂ ಹೀಗೇ ಆಗಿ, ಮಿರ್ತಾ ಅದನ್ನು ಇಂದಿಗೂ ಒಪ್ಪಿಗೆ ಎಂದು ಒಪ್ಪಿಲ್ಲ.

"ಅರ್ಥ ಏನು, ಎಲ್ಲಿಂದ ಬಂತು. ಇವೆರಡು ಹೇಳು, ಕಣ್ಮುಚ್ಚಿ ಆ ಹೆಸರೇ ಇಡ್ತೀನಿ," ಎಂದಳು ಮಾಗಾಲಿ. "ಹೇಳಕ್ಕಾಗ್ಲಿಲ್ವಾ, ಮಾತೇಯೊ ಅಂತ ಇಡೋದೇ. ದೇವರು ಕೊಟ್ಟಿದ್ದು ಅಂತರ್ಥ. ಫೋನಲ್ಲಿ ನೋಡಿದೀನಿ."

"ಊರ ತುಂಬ ಮಾತೇಯೊಗಳೇ!"

"ಇರ್ಲಿ ಬಿಡು. ತೊಕಾಯೊಗಳು ಸಿಗ್ತಾರೆ."

ಈ ಏಟು ಸುರ್ವೇಲಿಯೊನಿಗೆ ಸರಿಯಾಗಿಯೇ ತಾಗಿತು. ಅಳಿಯ ಕ್ಲೆಬೆರ್ ಈ ಹೊತ್ತಿಗೆ ಫ್ಯಾನು ನೋಡುತ್ತಿದ್ದ. ಮದುವೆಯಾದ ಮೇಲೆ ಆ ಮನೆಯ ಫ್ಯಾನನ್ನು ಅವನಷ್ಟು ನೋಡಿದವರು ಇನ್ನೊಬ್ಬರಿಲ್ಲ. ಕೊನೆಗೆ ಮಾಗಾಲಿಯೇ ಸ್ವಲ್ಪ ಕರಗಿ, "ಜ್ಞಾನಸ್ನಾನಕ್ಕೆ ಮಗು ಎತ್ಕೊಂಡು ನಿಲ್ಲೋ ಜ್ಞಾನತಂದೆ ಯಾರು ಅಂತ ನೀನೇ ನೋಡು, ಅದರಲ್ಲಿ ನಾನು ಬಾಯಿ ಹಾಕಲ್ಲ. ಹೆಸರು ಮಾತ್ರ ನಂದು" ಎಂದಳು. ಮಗುವಿನ ತಲೆಗೆ ನೀರು ಹಾಕಿ ಹೆಸರಿಡುವ ಆ ಶಾಸ್ತ್ರ ಮುಂದಿನ ತಿಂಗಳ ಮೊದಲ ಭಾನುವಾರ ಎಂದು ಗೊತ್ತಾಯಿತು.

ಸುರ್ವೇಲಿಯೊ ಹುಡುಕಾಟಕ್ಕೆ ಇಳಿದ. ಮೊದಲು ಮಗಳ ಹಾಗೆ ತಾನೂ ಫೋನಿನಲ್ಲಿ ನೋಡಿದ. ಹೆಸರು ಒತ್ತಿದ ಕೂಡಲೇ ಒಂದು ಚಿತ್ರ ಬಂತು. ಕನ್ನಡಕ ಏರಿಸಿ ನೋಡಿದರೆ ಅವನದೇ ಅಂಗಡಿಯ ಬೋರ್ಡು. ಕೆಳಗೆ ಯಾರೋ ಗಿರಾಕಿ "ದಿಂಬು ಪರವಾಗಿಲ್ಲ, ಮಾಲೀಕ ಸೀನುತ್ತಾನೆ" ಎಂದು ಬರೆದಿದ್ದ. ಜಗತ್ತಿನ ಅಷ್ಟೂ ಜ್ಞಾನ ಸುತ್ತಿ ಬಂದು ಇವನ ಬಾಗಿಲಲ್ಲೇ ನಿಂತಿತ್ತು.

ಪಾದ್ರಿಯ ಹತ್ತಿರ ಹೋದ. ಅವರು ಸಂತರ ಹೆಸರುಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿ, "ಸುರ್ವೇಲಿಯೊ ಅಂತ ಸಂತ ಇಲ್ಲಪ್ಪ. ಆದ್ರೆ ನೀನು ಒಳ್ಳೆಯವನಾಗಿ ಬಾಳಿದ್ರೆ ಮುಂದೆ ಆಗಬಹುದು" ಎಂದರು. ಸಮಾಧಾನದ ಮಾತೇ. ಆದರೆ ಜ್ಞಾನಸ್ನಾನದ ಒಳಗೆ ಆಗುವ ಕೆಲಸವಾಗಿರಲಿಲ್ಲ.

ಆಮೇಲೆ ಅಪ್ಪನ ತಂಗಿ ಎರ್ಮೆಲಿಂದಾ ಅತ್ತೆಯ ಮನೆ. ಅವಳು ಹಜಾರದ ಹಗ್ಗದ ತೂಗುಮಂಚದಲ್ಲಿ ಮಲಗಿ ಕಾಲಿನಿಂದ ಗೋಡೆ ಒದ್ದು ತೂಗಿಕೊಳ್ಳುತ್ತಿದ್ದಳು.

"ನಿಮ್ಮ ಮುತ್ತಜ್ಜನ್ನ ಒಬ್ಬ ಜನರಲ್ ಯುದ್ಧದಲ್ಲಿ ಬದುಕಿಸಿದ. ಅವನ ಹೆಸರು ಅದು."

"ಯಾವ ಯುದ್ಧ ಅತ್ತೆ?"

"ಯಾವ್ದೋ ಒಂದು. ಆಗ ಯುದ್ಧಕ್ಕೇನು ಬರ ಇತ್ತಾ?"

"ಹೋದ್ಸಲ ಬಿಷಪ್ಪು ಅಂದಿದ್ರಿ."

"ಹೋದ್ಸಲ ನೀನು ಕಾಫಿಪುಡಿ ತಂದಿದ್ದೆ," ಎಂದು ಅತ್ತೆ ಗೋಡೆಗೆ ಇನ್ನೊಂದು ಒದೆ ಕೊಟ್ಟಳು. "ಈ ಸಲ ಬರಿಗೈಲಿ ಬಂದಿದೀಯ. ಜನರಲ್ ಸಾಕು ನಿಂಗೆ."

ಪಕ್ಕದ ಬೀದಿಯಲ್ಲಿದ್ದ ಉಬಾಲ್ದೊ ಚಿಕ್ಕಪ್ಪ ಇದನ್ನು ಕೇಳಿ ಬೆತ್ತ ಕುಟ್ಟಿ ನಕ್ಕ. "ಜನರಲ್ಲಂತೆ! ನಮ್ಮ ವಂಶದಲ್ಲಿ ಕೋಳಿ ಜಗಳ ಬಿಡಿಸಕ್ಕೂ ಯಾರೂ ಹೋದವರಲ್ಲ. ಅದು ಸರ್ಕಸ್ಸಿನವನ ಹೆಸರು ಕಣೋ. ಬೆಂಕಿ ನುಂಗೋನು."

"ನಿಜವಾಗ್ಲೂನಾ ಚಿಕ್ಕಪ್ಪ?"

"ಜನರಲ್‌ಗಿಂತ ಚೆನ್ನಾಗಿಲ್ವಾ?"

ಸುರ್ವೇಲಿಯೊ ಎದ್ದು ಹೊರಟ. ಅವನ ಮುಖ ನೋಡಿ ಮುದುಕನಿಗೂ ಪಾಪ ಅನ್ನಿಸಿರಬೇಕು; ಬಾಗಿಲವರೆಗೆ ಬಂದು ದನಿ ತಗ್ಗಿಸಿದ. "ನೋಡು, ನಮ್ಮಪ್ಪ ಹೇಳ್ತಿದ್ದಿದ್ದು ಒಂದಿದೆ. ರುಚಿ ಇಲ್ಲದ ಕಥೆ ಅಂತ ನಾನು ಯಾರಿಗೂ ಹೇಳಲ್ಲ. ಮುತ್ತಜ್ಜನ ಜ್ಞಾನಸ್ನಾನಕ್ಕೆ ಸಮುದ್ರದ ಕಡೆಯಿಂದ ಜ್ಞಾನತಂದೆ ಬಂದಿದ್ನಂತೆ. ಮೀನಿನೋನು. ಹೆಸರು ಅವನೇ ತಂದದ್ದಂತೆ."

ಇದು ನಂಬುವ ಮಾತಾಗಿತ್ತು. ಹಿಂದೆ ನಮ್ಮ ಗುಡ್ಡಗಳಲ್ಲಿ ಜ್ಞಾನತಂದೆಯಾಗುವವನು ಮಗುವಿಗೆ ಎರಡು ವಸ್ತು ತರುತ್ತಿದ್ದ: ಒಂದು ಬಿಳಿ ಅಂಗಿ, ಇನ್ನೊಂದು ತನ್ನ ಹೆಸರು. ಪಾದ್ರಿ ಹೆಸರೇನು ಎಂದಾಗ ತಂದೆತಾಯಿ ಬಾಯಿ ಮುಚ್ಚಿಕೊಂಡಿರುತ್ತಿದ್ದರು, ಹೇಳುವವನು ಜ್ಞಾನತಂದೆ. ಅಂಗಿ ತರುವ ಪದ್ಧತಿ ಈಗಲೂ ಉಳಿದಿದೆ. ಹೆಸರಿನದು ಯಾಕೋ ಬಿಟ್ಟುಹೋಯಿತು.

ಸಮುದ್ರ ಎಂದರೆ ಎಷ್ಟು ದೊಡ್ಡದು, ಅದರಲ್ಲಿ ಯಾವ ಮೀನಿನವನನ್ನು ಹುಡುಕುವುದು? ಸುರ್ವೇಲಿಯೊ ಊಟ ಬಿಟ್ಟ. ಹಾಸಿಗೆಯೊಂದಕ್ಕೆ ಹತ್ತಿ ತುಂಬಿ, ತನ್ನ ಕತ್ತರಿಯನ್ನೂ ಒಳಗೇ ಬಿಟ್ಟು ಹೊಲಿದ. ಗಿರಾಕಿ ಅದನ್ನು ವಾಪಸ್ಸು ತಂದಾಗ ಮಿರ್ತಾ, "ಹೆಸರು ಹುಡುಕ್ತೀನಂತ ಜನರ ಬೆನ್ನಿಗೆ ಚುಚ್ತಿದೀರಲ್ರೀ" ಎಂದು ಮಂಗಳಾರತಿ ಎತ್ತಿದಳು.

ಆದರೆ ದಾರಿ ತೋರಿಸಿದವಳೂ ಅವಳೇ. ಶನಿವಾರದ ಸಂತೆಯಲ್ಲಿ ಮೀನಿನ ಚೌಕಾಸಿ ಅರ್ಧಕ್ಕೆ ಬಂದಿತ್ತು. ಸುರ್ವೇಲಿಯೊ ಎಲ್ಲೋ ನೋಡುತ್ತ ನಿಂತಿದ್ದ. "ಸುರ್ವೇಲಿಯೊ! ಚೀಲ ಹಿಡೀರೀ ಇಲ್ಲಿ!" ಎಂದು ಮಿರ್ತಾ ಕೂಗಿದ್ದಕ್ಕೆ ಮೀನಿನವಳು ಕತ್ತಿ ಹಿಡಿದ ಕೈ ನಿಲ್ಲಿಸಿದಳು.

"ಅಯ್ಯೋ, ಇಲ್ಲೂ ಒಬ್ರಿದಾರಾ?"

"ಏನಂದೆ?" ಸುರ್ವೇಲಿಯೊನ ದನಿ ಕೀರಲಾಯಿತು.

"ನಮ್ಮ ಪುಂತಾ ಮೆರೊದಲ್ಲೂ ಇದಾನೆ ಒಬ್ಬ ಸುರ್ವೇಲಿಯೊ. ಅಂಚುಂದಿಯಾ ಮನೆ ಮುದುಕ, ಬಲೆ ಹೆಣೀತಾನೆ. ಸಿಡುಕ. ಆ ಹೆಸರಿಟ್ಕೊಂಡ್ರೆ ಎಲ್ರೂ ಹಾಗೇನಾ?"

ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ಅದೂ ಸ್ವಂತ ಹಾಸಿಗೆಯ ಮೇಲೆ.

ಮೊದಲ ಸಲ ಹೋಗುವ ಮನೆಗೆ ಬರಿಗೈಯಲ್ಲಿ ಹೋಗುವುದುಂಟೆ? ಅದರಲ್ಲೂ ಅತ್ತೆಯ ಮನೆಯ ಪಾಠ ಹೊಸದಾಗಿತ್ತು. ಒಳ್ಳೆಯ ಬೂರುಗದ ದಿಂಬೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಸುರ್ವೇಲಿಯೊ ಬಸ್ಸು ಹತ್ತಿದ. ಅವಸರದಲ್ಲಿ ಹೊಲಿದ ದಿಂಬು, ಒಂದು ಮೂಲೆ ಬಿಚ್ಚಿಕೊಂಡಿತು. ಕಿಟಕಿ ಗಾಳಿಗೆ ಹತ್ತಿ ಎದ್ದು ಬಸ್ಸಿನ ತುಂಬ ಹಾರಾಡಿ, ಮುಂದಿನ ಸೀಟಿನಲ್ಲಿ ಯಾರದೋ ಶವಸಂಸ್ಕಾರಕ್ಕೆ ಕರಿ ಬಟ್ಟೆ ಉಟ್ಟು ಹೊರಟಿದ್ದ ಕುಟುಂಬ ಬಿಳಿಯಾಗಿ ಇಳಿಯಿತು. ಕಂಡಕ್ಟರ್ ಹೆಸರು ಕೇಳಿದ. ಇವನು ಹೇಳಿದ. "ತಮಾಷೆ ಮಾಡ್ತೀಯಾ?" ಎಂದು ಅವನು ಇನ್ನೂ ರೇಗಿದ.

ಪುಂತಾ ಮೆರೊದಲ್ಲಿ ದೋಣಿಗಳನ್ನು ದಡಕ್ಕೆಳೆದ ಕಡೆ, ತಗಡಿನ ನೆರಳಿನಲ್ಲಿ, ಒಣಗಿದ ಮೀನಿನಂಥ ಮುದುಕನೊಬ್ಬ ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕೂತಿದ್ದ.

"ದೋನ್ ಸುರ್ವೇಲಿಯೊ?" ಎಂದ ಇವನು, ಹಿರಿಯರನ್ನು ಕರೆಯುವ ಮರ್ಯಾದೆಯಲ್ಲಿ. ಈ ಹೆಸರಿನಿಂದ ಇನ್ನೊಬ್ಬನನ್ನು ಕರೆಯುವುದು ಹೇಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಕನ್ನಡಿಯ ಮುಂದೆ ನಿಂತು ಬಾಗಿಲು ತಟ್ಟಿದ ಹಾಗಾಯಿತು.

"ಯಾರು?"

"ನಾನೂ ಸುರ್ವೇಲಿಯೊ. ಪಿನ್‌ಕಾಯ್. ಹಿಪಿಹಾಪಾದಿಂದ ಬಂದಿದೀನಿ."

ಮುದುಕನ ಕೈಯಿಂದ ಬಲೆಯ ಸೂಜಿ ಬಿತ್ತು. ಎದ್ದ. ಬೆರಳಿಗೆ ಸಿಕ್ಕಿದ ಬಲೆಯೂ ಅವನ ಹಿಂದೆಯೇ ಎದ್ದಿತು. "ತೊಕಾಯೊ!" ಎಂದ. ಆ ಮಾತನ್ನು ಅವನೂ ಜೀವಮಾನದಲ್ಲಿ ಮೊದಲ ಸಲ ಆಡುತ್ತಿದ್ದ ಎಂಬುದು ಕೇಳಿದರೇ ತಿಳಿಯುತ್ತಿತ್ತು. "ತೊಕಾಯೊ!" ಎಂದ ಇವನು. ಇಬ್ಬರೂ ತಬ್ಬಿಕೊಂಡು, ಬಲೆಯೂ ದಿಂಬೂ ಜೊತೆಗೇ ಸಿಕ್ಕಿಹಾಕಿಕೊಂಡು, ಮುದುಕನ ಸೊಸೆ ಬಂದು ಕತ್ತರಿಸಿ ಬಿಡಿಸಬೇಕಾಯಿತು.

ಮನೆಯೊಳಗೆ ಕರೆದು ಕೂರಿಸಿ ಕಡಲೆಕಾಯಿ ಅರೆದು ಹಾಕಿದ ಮೀನಿನ ಸಾರು ಬಡಿಸಿದರು. ದೊಡ್ಡ ದೊಡ್ಡ ಬಾಳೆಕಾಯಿ ಉಂಡೆ ಮುಳುಗಿದ್ದ ಸಾರು. ಸುರ್ವೇಲಿಯೊ ಎರಡು ಬಟ್ಟಲು ಮುಗಿಸಿ, ಇನ್ನು ಕೇಳಬಹುದು ಎಂದು ಬಾಯಿ ಒರೆಸಿಕೊಂಡ. ಅಷ್ಟರಲ್ಲಿ ಮುದುಕನೇ ಮುಂದೆ ಬಾಗಿದ.

"ಹೇಳು ತೊಕಾಯೊ. ಅದರ ಅರ್ಥ ಏನು?"

"ಯಾವುದರದು?"

"ನಮ್ಮ ಹೆಸರಿಂದು! ಎಂಬತ್ತು ದಾಟಿದೆ ನಂಗೆ. ಪಿನ್‌ಕಾಯ್ ಮನೆಯೋರು ಒಬ್ಬರಾದ್ರೂ ಬಂದು ಹೇಳಿ ಹೋಗ್ತಾರೆ ಅಂತ ಕಾಯ್ತಾನೇ ಇದೀನಿ."

ಸುರ್ವೇಲಿಯೊ ಖಾಲಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ನಾನು ಕೇಳಕ್ಕೆ ಬಂದೋನು, ದೋನ್. ನೀವು ಹೇಳ್ಬೇಕು."

"ನಾನೇನು ಹೇಳ್ಲಿ? ನಮ್ಮಜ್ಜನಿಗೆ ಹೆಸರು ಕೊಟ್ಟೋನೇ ನಿಮ್ಮೋನು. ಗುಡ್ಡದ ಮೇಲಿಂದ ಕತ್ತೆ ಮೇಲೆ ಹತ್ತಿ ಹೇರ್ಕೊಂಡು ಬರ್ತಿದ್ನಂತೆ ಒಬ್ಬ ಪಿನ್‌ಕಾಯ್, ನಮ್ಮ ದೋಣಿಯೋರಿಗೆ ಹಾಸಿಗೆ ಮಾರಕ್ಕೆ. ನಮ್ಮಜ್ಜನಿಗೆ ಅವನೇ ಜ್ಞಾನತಂದೆ. ಅಂಗಿ ತಂದ, ಹೆಸರು ತಂದ. ಹಾಗಂತ ನಮ್ಮಜ್ಜನೇ ಹೇಳಿದ್ದು."

"ಇಲ್ಲ ಇಲ್ಲ. ನಮ್ಮ ಮುತ್ತಜ್ಜನಿಗೆ ಹೆಸರು ತಂದೋನು ಸಮುದ್ರದ ಕಡೆಯೋನು. ಮೀನಿನೋನು. ಅಂದ್ರೆ ನಿಮ್ಮೋನು!"

ಆಮೇಲೆ ಶುರುವಾಯಿತು ನೋಡಿ ಜಗಳ. ಜಗತ್ತಿನಲ್ಲಿ ಮಂದಿ "ನಮ್ಮದೇ ಮೊದಲು" ಎಂದು ಹೊಡೆದಾಡುವುದನ್ನು ನಾವು ಕಂಡಿದ್ದೇವೆ. ಇಲ್ಲಿ ಇಬ್ಬರು ವಯಸ್ಸಾದ ಗಂಡಸರು "ನಿಮ್ಮದೇ ಮೊದಲು" ಎಂದು ಮೇಜು ಗುದ್ದುತ್ತಿದ್ದರು.

"ನಿಮ್ಮಜ್ಜನೇ ಹಿರಿಯ!"

"ಎಲ್ಲಿಂದ ಹಿರಿಯ? ನಿಮ್ಮ ಮುತ್ತಜ್ಜನ ಕೈಯಲ್ಲಿ ತಲೆಗೆ ನೀರು ಹಾಕಿಸ್ಕೊಂಡೋನು ಹಿರಿಯ ಹೇಗಾಗ್ತಾನೆ?"

"ನಮ್ಮ ಮುತ್ತಜ್ಜ ನಿಮ್ಮಜ್ಜನ ಕೈಯಲ್ಲಿ ಹಾಕಿಸ್ಕೊಂಡಿದ್ದ ಅಂತ ಹೇಳ್ತಿದೀನಲ್ಲ!"

ಸೊಸೆ ಬಟ್ಟಲು ಎತ್ತುತ್ತ, "ಹಂಗಾದ್ರೆ ಎರಡೂ ಮಗು ಒಟ್ಟಿಗೇ ಒಂದನ್ನೊಂದು ಎತ್ಕೊಂಡು ನಿಂತಿದ್ವಾ ಮಾವ?" ಎಂದಳು.

ಯಾರೂ ನಗಲಿಲ್ಲ. ಸುರ್ವೇಲಿಯೊ ತಲೆ ಮೇಲೆ ಕೈ ಹೊತ್ತು ಕೂತ. ಗುಡ್ಡದವರು ಕಡಲಿನವರ ಕಡೆ ಬೆರಳು ತೋರಿಸಿ ಸತ್ತಿದ್ದರು, ಕಡಲಿನವರು ಗುಡ್ಡದ ಕಡೆ. ನಡುವೆ ಹೆಸರೊಂದೇ ಬದುಕಿಕೊಂಡಿತ್ತು. ಅಪ್ಪ, ಅಜ್ಜ ಎಲ್ಲರ ಮೇಲೂ ಅವನಿಗೆ ಒಟ್ಟಿಗೇ ಸಿಟ್ಟು ಬಂತು. ಅಷ್ಟು ವರ್ಷ ಆ ಹೆಸರು ಹೊತ್ತು ತಿರುಗಿದವರು ಒಬ್ಬರಾದರೂ ಒಂದು ದಿನ ಬಸ್ಸು ಹತ್ತಿ ಬಂದು ಕೇಳಬಾರದಾಗಿತ್ತೇ? ಬಸ್ಸಿಲ್ಲದಿದ್ದರೆ ಕತ್ತೆ ಇರಲಿಲ್ಲವೇ?

"ಬಿಡು ತೊಕಾಯೊ," ಎಂದ ಮುದುಕ. "ನನ್ನ ಜೊತೆಗೇ ಹೋಗ್ಲಿ ಅಂತ ನಾನು ಮಗನಿಗೆ ವಾಷಿಂಗ್ಟನ್ ಅಂತ ಇಟ್ಟೆ. ಸುಖವಾಗಿದಾನೆ. ಟ್ರಕ್ ಓಡಿಸ್ತಾನೆ."

ಈ ಕೊನೆಯ ಮಾತನ್ನು ಸುರ್ವೇಲಿಯೊ ಕಿವಿಗೆ ಹಾಕಿಕೊಳ್ಳಬೇಕಾಗಿತ್ತು. ಆದರೆ ಹೊಟ್ಟೆಯಲ್ಲಿ ಸಾರು, ಎದುರಿಗೆ ಜೀವಮಾನದ ಏಕೈಕ ತೊಕಾಯೊ, ತಲೆಯಲ್ಲಿ ಆಗತಾನೇ ಹೊಳೆದ ಉಪಾಯ. ಹೆಸರಿನ ಅರ್ಥ ಸಿಗದಿದ್ದರೆ ಬೇಡ. ಜ್ಞಾನತಂದೆ ಯಾರೆಂದು ಆರಿಸುವುದು ತನ್ನ ಕೈಯಲ್ಲಿದೆ. ಜ್ಞಾನತಂದೆ ಹಳೆಯ ಪದ್ಧತಿಯಂತೆ ತನ್ನ ಹೆಸರನ್ನು ತಂದರೆ? ಪಾದ್ರಿಯ ಮುಂದೆ, ಊರವರ ಮುಂದೆ, ಹಿರಿಯನೊಬ್ಬ ತನ್ನ ಹೆಸರು ಕೊಟ್ಟರೆ ಮಾಗಾಲಿ ಏನು ಮಾಡಿಯಾಳು?

"ದೋನ್ ಸುರ್ವೇಲಿಯೊ, ನನ್ನ ಮೊಮ್ಮಗನಿಗೆ ನೀವೇ ಜ್ಞಾನತಂದೆ ಆಗ್ಬೇಕು. ಹಿಂದಿನೋರ ಕಾಲದ ಹಾಗೇ. ಅಂಗಿ, ಹೆಸರು, ಎರಡೂ ನಿಮ್ಮದೇ."

ನಮ್ಮಲ್ಲಿ ಈ ಮಾತನ್ನು ಒಮ್ಮೆ ಆಡಿದರೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಕೇಳಿಸಿಕೊಂಡವನು ಆಗುವುದಿಲ್ಲ ಎನ್ನುವಂತಿಲ್ಲ, ಎಂದರೆ ಮಗುವಿಗೆ ಕೇಡು. ಮುದುಕನ ಕಣ್ಣು ತುಂಬಿತು. "ಕೊಂಪಾದ್ರೆ," ಎಂದ. ತೊಕಾಯೊನಿಂದ ಕೊಂಪಾದ್ರೆಗೆ, ಅಂದರೆ ಹೆಸರಿನ ನಂಟಿನಿಂದ ಮಗುವಿನ ನಂಟಿಗೆ, ಒಂದೇ ಮಧ್ಯಾಹ್ನದಲ್ಲಿ ಏರಿದ್ದರು. "ಆ ಮಗುವಿಗೆ ನಾನು ಒಳ್ಳೇದನ್ನೇ ಮಾಡ್ತೀನಿ."

ಮನೆಗೆ ಬಂದಾಗ ಮಾಗಾಲಿ ಕೇಳಿದಳು. "ಸಿಕ್ತಾ ಅರ್ಥ?"

"ಭಾನುವಾರ ಗೊತ್ತಾಗತ್ತೆ."

"ಯಾಕೆ, ಭಾನುವಾರ ಎಲ್ಲಿಂದಾದ್ರೂ ಬರತ್ತಾ?"

"ಟ್ರಕ್ಕಲ್ಲಿ ಬರತ್ತೆ," ಎಂದ ಸುರ್ವೇಲಿಯೊ. ಅಂಥ ಗತ್ತಿನಿಂದ ಅವನು ಮಾತಾಡಿದ್ದನ್ನು ಮನೆಯವರು ಹಿಂದೆ ಕಂಡಿರಲಿಲ್ಲ. ಅಳಿಯ ಒಂದು ಗಳಿಗೆ ಫ್ಯಾನಿನಿಂದ ಕಣ್ಣು ತೆಗೆದ.

ಭಾನುವಾರ ಇಗರ್ಜಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ದಿನ ಒಂದು ಹಿಂಡು ಮಕ್ಕಳಿಗೆ ಸ್ನಾನ. ವಾಷಿಂಗ್ಟನ್ ಓಡಿಸಿಕೊಂಡು ಬಂದ ಟ್ರಕ್ಕಿನಿಂದ ಮುದುಕ ಇಳಿದ. ತಲೆಗೆ ನಮ್ಮ ಕಡೆಯ ನುಣುಪಾದ ಹುಲ್ಲಿನ ಟೋಪಿ, ಒಂದು ಕೈಯಲ್ಲಿ ಇಸ್ತ್ರಿ ಮಾಡಿದ ಪುಟ್ಟ ಬಿಳಿ ಅಂಗಿ, ಇನ್ನೊಂದರಲ್ಲಿ ಉಪ್ಪು ಮೀನಿನ ಕಟ್ಟು. ಮೀನನ್ನು ಹೊರಗಿಡಿ ಎಂದು ಹೇಳಲು ಯಾರಿಗೂ ಧೈರ್ಯ ಬರಲಿಲ್ಲ. ಮಾಗಾಲಿ ಅಂಗಿಯನ್ನು ಮುಟ್ಟಿ ನೋಡಿ, ಮುದುಕನನ್ನು ನೋಡಿ, ಅಪ್ಪನ ಕಿವಿಯ ಹತ್ತಿರ ಬಂದಳು.

"ಯಾರಪ್ಪ ಇವ್ರು?"

"ಜ್ಞಾನತಂದೆ. ನನ್ನ ತೊಕಾಯೊ."

"ನಿನಗೆ ತೊಕಾಯೊನಾ!" ಅವಳ ಹುಬ್ಬು ಮೇಲೇರಿತು. ಆಮೇಲೆ, ಯಾಕೋ, ಅಪ್ಪನ ಕಾಲರನ್ನು ಸರಿಮಾಡಿ ಹಿಂದೆ ಸರಿದಳು.

ಪಾದ್ರಿ ಶುರುಮಾಡಿದರು. ಮೊದಲ ಮಗು ಮಾತೇಯೊ. ಅದರ ಹಿಂದಿನದೂ ಮಾತೇಯೊ. ಮತ್ತೊಂದಕ್ಕೆ ಬಂದಾಗ "ಮಾತೇಯೊನ ತಾಯಿ ಬನ್ನಿ" ಎಂದದ್ದಕ್ಕೆ ಮೂರು ದಿಕ್ಕಿನಿಂದ ಹೆಂಗಸರು ಎದ್ದು, ಒಬ್ಬಳು ಇನ್ನೊಬ್ಬಳ ಮಗುವಿನ ಅಂಗಿಗೆ ಮೇಣ ಸುರಿಸಿ, ಸಣ್ಣ ಜಗಳವಾಯಿತು. ದೇವರು ಕೊಟ್ಟದ್ದು ಆ ದಿನ ಸ್ವಲ್ಪ ಹೆಚ್ಚೇ ಆಗಿತ್ತು. ಮಾಗಾಲಿಯ ಮುಖ ಸಪ್ಪಗಾಗುತ್ತಿದ್ದುದನ್ನು ಸುರ್ವೇಲಿಯೊ ಓರೆಗಣ್ಣಿನಲ್ಲಿ ನೋಡಿ ಒಳಗೊಳಗೇ ಸಕ್ಕರೆ ಮೆಲ್ಲುತ್ತಿದ್ದ.

ಇವರ ಸರದಿ ಬಂತು. ಮುದುಕ ಮಗುವನ್ನು ಎತ್ತಿಕೊಂಡ. ಬಲೆ ಹಿಡಿದ ಕೈ, ಮಗು ಅಳಲಿಲ್ಲ.

"ಈ ಮಗುವಿಗೆ ಏನು ಹೆಸರು?" ಎಂದರು ಪಾದ್ರಿ.

ಮಾಗಾಲಿ ಬಾಯಿ ತೆರೆಯುವ ಮೊದಲೇ ಸುರ್ವೇಲಿಯೊ ಕೈ ಅಡ್ಡ ಹಿಡಿದ. "ಹಳೇ ಪದ್ಧತಿ ಫಾದರ್. ಜ್ಞಾನತಂದೆ ಹೇಳ್ತಾರೆ." ಎಂದು ತೊಕಾಯೊನ ಕಡೆ ತಿರುಗಿ, ಹೇಳಿ ಎಂಬಂತೆ ತಲೆಯಾಡಿಸಿದ. ಕಣ್ಣು ಮುಚ್ಚಿಕೊಂಡ. ಇನ್ನೊಬ್ಬರ ಬಾಯಿಂದ, ಇಡೀ ಇಗರ್ಜಿಗೆ ಕೇಳುವಂತೆ, ಆ ಹೆಸರು ಬರುವುದನ್ನು ಕಿವಿ ತುಂಬ ಕೇಳಬೇಕೆಂದು.

ಮುದುಕ ಮಗುವಿನ ಮುಖವನ್ನು ಬಹಳ ಹೊತ್ತು ನೋಡಿದ.

"ವಾಷಿಂಗ್ಟನ್," ಎಂದ.

ಸುರ್ವೇಲಿಯೊ ಕಣ್ಣು ಬಿಟ್ಟ. ಹಿಂದಿನ ಸಾಲಿನಲ್ಲಿ ಟ್ರಕ್ಕಿನ ವಾಷಿಂಗ್ಟನ್, ತನ್ನನ್ನು ಕರೆದರೆಂದು ಎದ್ದು ನಿಂತ.

"ಕೊಂಪಾದ್ರೆ!" ಎಂದು ಸುರ್ವೇಲಿಯೊ ಗಂಟಲೊಳಗೇ ಕಿರುಚಿದ. "ನಿಮ್ಮ ಹೆಸರು! ನಿಮ್ಮ ಹೆಸರು ಕೊಡ್ಬೇಕಿತ್ತು!"

"ಅದನ್ನಾ?" ಮುದುಕ ಮಗುವನ್ನು ಎದೆಗೆ ಒತ್ತಿಕೊಂಡ. "ನಾನು ಪಟ್ಟಿದ್ದು ಸಾಲ್ದಾ? ಒಳ್ಳೇದನ್ನೇ ಮಾಡ್ತೀನಿ ಅಂತ ಮಾತು ಕೊಟ್ಟಿದೀನಿ ನಾನು."

"ಹಂಗಾದ್ರೆ ವಾಷಿಂಗ್ಟನ್," ಎಂದು ಪಾದ್ರಿ ನೀರಿನ ಚಿಪ್ಪು ಎತ್ತಿದರು. ಹಿಂದೆ ಇನ್ನೂ ಸಾಲು ಇತ್ತು.

"ನಿಲ್ಲಿ ಫಾದರ್!" ಎಂದಳು ಮಾಗಾಲಿ. ಆರೋಗ್ಯ ಕೇಂದ್ರದಲ್ಲಿ ಹೆಸರು ಕೂಗಿ ಪಳಗಿದ ದನಿ. ಗೋಡೆಯ ಮೇಲಿನ ಪಾರಿವಾಳಗಳೂ ನಿಂತವು. "ಯಾವ ವಾಷಿಂಗ್ಟನ್? ಯಾರ ಮನೆ ವಾಷಿಂಗ್ಟನ್? ನಮ್ಮ ಮನೆ ಮಗುಗೆ ಊರೋರೆಲ್ಲ ಬಂದು ಹೆಸರು ಹಚ್ಚಿ ಹೋಗೋದಾ?"

"ಹಾಗಾದ್ರೆ ಏನಮ್ಮ? ಮಾತೇಯೊನಾ?"

ಮಾಗಾಲಿ ತಿರುಗಿ ನೋಡಿದಳು. ಮೇಣ ಬಿದ್ದ ಅಂಗಿಯ ಮಾತೇಯೊ ಅಳುತ್ತಿತ್ತು. ಇನ್ನೊಂದು ಮಾತೇಯೊ ಅದಕ್ಕೆ ದನಿಗೂಡಿಸಿತ್ತು. ಅವಳು ಅಪ್ಪನನ್ನು ನೋಡಿದಳು. ಅವನ ಮುಖ ಹತ್ತಿ ತೆಗೆದ ದಿಂಬಿನ ಹಾಗೆ ಒಳಕ್ಕೆ ಹೋಗಿತ್ತು.

"ಸುರ್ವೇಲಿಯೊ," ಎಂದಳು. ಹಲ್ಲು ಕಚ್ಚಿಕೊಂಡೇ.

"ಏನು?"

"ಸುರ್ವೇಲಿಯೊ!"

"ಅಂದ್ರೆ ಏನಮ್ಮ ಅದು?"

"ಅರ್ಥ ಆಮೇಲೆ ನೋಡ್ಕೊಳ್ಳೋಣ, ನೀರು ಹಾಕಿ ಫಾದರ್."

ನೀರು ಬಿತ್ತು. ಮಗು ಆಗ ಅತ್ತಿತು. "ನಂಗೊತ್ತಿತ್ತು ಅಳುತ್ತೆ ಅಂತ," ಎಂದ ಮುದುಕ.

ಮಧ್ಯಾಹ್ನ ಅಂಗಡಿಯ ಹಿಂದಿನ ಅಂಗಳದಲ್ಲಿ ಊಟ. ಬಿಡಿಸಿಟ್ಟ ಹತ್ತಿಯ ಮೇಲೆಲ್ಲ ಹಳೆಯ ಹಾಸು ಹೊದಿಸಿ ಜನರನ್ನು ಕೂರಿಸಿದ್ದರು. ಸುರ್ವೇಲಿಯೊ ಒಂದು ಮೂಲೆಯಲ್ಲಿ ತಟ್ಟೆ ಹಿಡಿದು ಕೂತಿದ್ದ. ಬೇಕಾದದ್ದು ಸಿಕ್ಕಿತ್ತು, ನಿಜ. ಆದರೆ ಬೇಕಾದ ಹಾಗೆ ಸಿಕ್ಕಿರಲಿಲ್ಲ. ತೊಕಾಯೊ ಕೈಕೊಟ್ಟಿದ್ದ. ಮಗಳು ಹಟಕ್ಕೆ ಇಟ್ಟಿದ್ದಳು. ನಾಳೆ ಆ ಮಗು ದೊಡ್ಡದಾಗಿ ಬ್ಯಾಂಕಿಗೆ ಹೋಗಿ ನಿಂತಾಗ ಕೇಳುವ ಪ್ರಶ್ನೆ ಇದ್ದಲ್ಲೇ ಇತ್ತು.

ಅಷ್ಟರಲ್ಲಿ ಸ್ವಿಟ್ಜರ್ಲೆಂಡ್ ತನ್ನ ತಟ್ಟೆಯ ಮೇಲೆ ಕಡಲೆಕಾಯಿ-ಜೋಳದ ಪುಡಿ ಉದುರಿಸಿಕೊಳ್ಳುತ್ತ ಮಾಗಾಲಿಯನ್ನು ಕೇಳಿಯೇ ಬಿಟ್ಟಳು: "ಅಲ್ವೇ ಮಗಳೇ, ಸುರ್ವೇಲಿಯೊ ಅಂದ್ರೆ ಏನು?"

ಎರ್ಮೆಲಿಂದಾ ಅತ್ತೆ "ಜನರಲ್ಲು" ಎನ್ನಲು ಬಾಯಿ ತೆರೆದಳು, ಉಬಾಲ್ದೊ ಚಿಕ್ಕಪ್ಪ ಬೆತ್ತ ಎತ್ತಿದ. ಮಾಗಾಲಿ ಇಬ್ಬರಿಗೂ ಅವಕಾಶ ಕೊಡಲಿಲ್ಲ. ಮಗುವನ್ನು ಈ ತೊಡೆಯಿಂದ ಆ ತೊಡೆಗೆ ಹಾಕಿಕೊಂಡು, ರೆಪ್ಪೆ ಕೂಡ ಬಡಿಯದೆ ಹೇಳಿದಳು:

"ನೀರಲ್ಲಿ ಮುಳುಗದೋನು ಅಂತ. ಹಳೇ ಕಾಲದ ದೋಣಿಯೋರ ಮಾತು. ನಮ್ಮಪ್ಪ ಸಮುದ್ರದ ತನಕ ಹೋಗಿ ತಿಳ್ಕೊಂಡು ಬಂದಿದಾರೆ."

"ಓಹೋ!" ಎಂದಿತು ಅಂಗಳ.

ಸುರ್ವೇಲಿಯೊ ತಟ್ಟೆ ಕೆಳಗಿಟ್ಟ. ಹಾಗೆ ಯಾರೂ ಹೇಳಿರಲಿಲ್ಲ. ಅದು ಸುಳ್ಳು. ಅರ್ಥ ಯಾರಿಗೂ ಗೊತ್ತಿಲ್ಲ ಎಂಬ ಒಂದೇ ಒಂದು ನಿಜವನ್ನು ಅವನು ಬಸ್ಸು ಹತ್ತಿ, ಹತ್ತಿ ಕಳೆದುಕೊಂಡು, ಕಷ್ಟಪಟ್ಟು ಸಂಪಾದಿಸಿ ತಂದಿದ್ದ. ಅದಕ್ಕಾದರೂ ಸಾಕ್ಷಿ ಹೇಳಲಿ ಎಂದು ತೊಕಾಯೊನ ಕಡೆ ನೋಡಿದ.

ಮುದುಕ ಎದ್ದು ನಿಂತಿದ್ದ. ಟೋಪಿ ಎದೆಗೆ ಒತ್ತಿಕೊಂಡಿದ್ದ. ಕಣ್ಣಿನಿಂದ ನೀರು ಧಾರಾಕಾರ.

"ನಾನು ಎರಡು ಸಲ ಸಮುದ್ರಕ್ಕೆ ಬಿದ್ದಿದೀನಿ," ಎಂದ. "ಎರಡು ಸಲಾನೂ ಮುಳುಗಲಿಲ್ಲ. ಯಾಕೆ ಅಂತ ಇವತ್ತು ಗೊತ್ತಾಯ್ತು ನೋಡಿ! ವಾಷಿಂಗ್ಟನ್, ಲೇ ವಾಷಿಂಗ್ಟನ್, ನಿನಗೆ ಆ ಹೆಸರು ಇಡದೆ ಮೋಸ ಮಾಡಿಬಿಟ್ಟೆನಲ್ಲೋ!"

"ನಾನು ಟ್ರಕ್ ಓಡಿಸೋನು, ಮುಳುಗಲ್ಲ ಬಿಡಪ್ಪ," ಎಂದ ವಾಷಿಂಗ್ಟನ್. ಆದರೆ ಅವನ ಮುಖದಲ್ಲೂ ಏನೋ ಕಳೆದುಕೊಂಡ ಕಳೆಯಿತ್ತು.

"ಅದೇ ನಾನೂ ಹೇಳಕ್ಕೆ ಹೊರಟಿದ್ದು," ಎಂದಳು ಎರ್ಮೆಲಿಂದಾ ಅತ್ತೆ. "ಆ ಜನರಲ್ಲು ನೌಕಾಪಡೆಯೋನು."

ಎಲ್ಲರೂ ಒಂದೇ ಸಲ ಮಾತಾಡತೊಡಗಿದರು. ಮುತ್ತಜ್ಜ ಪ್ರವಾಹದಲ್ಲಿ ಬದುಕಿದ್ದನ್ನು ಯಾರೋ ನೆನಪಿಸಿಕೊಂಡರು. ಗುಡ್ಡದ ಮೇಲೆ ಯಾವ ಪ್ರವಾಹ ಎಂದು ಯಾರೂ ಕೇಳಲಿಲ್ಲ. ಸಂಜೆಯೊಳಗೆ ಇದು ಬೇಕರಿಗೆ ಹೋಗುತ್ತದೆ, ನಾಳೆ ಸಂತೆಗೆ. ಫೋನಿನಲ್ಲೂ ಬಂದರೆ ಆಶ್ಚರ್ಯವಿಲ್ಲ.

ಸುರ್ವೇಲಿಯೊ ಎದ್ದ. ನಿಜ ಹೇಳಬೇಕಾದವನು ಆ ಅಂಗಳದಲ್ಲಿ ತಾನೊಬ್ಬನೇ ಉಳಿದಿದ್ದ. ಕೈ ಎತ್ತಿದ. ಎಲ್ಲರೂ ಇವನ ಕಡೆ ತಿರುಗಿದರು. ಸಮುದ್ರದ ತನಕ ಹೋಗಿ ಬಂದವನಲ್ಲವೇ.

"ಕೇಳಿ ಇಲ್ಲಿ," ಎಂದ. "ಆ ಹೆಸರಿಗೆ..."

ಹಾಸಿನ ಅಡಿಯಿಂದ ಬೂರುಗದ ಎಳೆಯೊಂದು ಎದ್ದು, ಅವಸರವಿಲ್ಲದೆ ತೇಲಿ ಬಂದು, ಮೂಗಿನೊಳಗೆ ಹೋಯಿತು. ಅವನು ಸೀನಿದ. ಇನ್ನೊಮ್ಮೆ ಸೀನಿದ. ಮತ್ತೆ ನಿಲ್ಲಲೇ ಇಲ್ಲ.

"ಪಾಪ, ಖುಷಿಗೆ ಮಾತೇ ಬರ್ತಿಲ್ಲ," ಎಂದಳು ಸ್ವಿಟ್ಜರ್ಲೆಂಡ್. ಮಿರ್ತಾ ಎದ್ದು ಬಂದು ಗಂಡನ ತಟ್ಟೆಯಲ್ಲಿದ್ದ ಮೀನಿನ ಮೇಲೆ ಇನ್ನೊಂದು ಚಮಚ ಕಡಲೆಕಾಯಿ ಗೊಜ್ಜು ಹಾಕಿ ಹೋದಳು.